ಊಟಿಯ ಚಳಿ ಮತ್ತು ಪ್ರಾಧ್ಯಾಪಕರ ಬಡ್ತಿ: ಒಂದು ಶಾಸ್ತ್ರೀಯ ವಿವೇಚನೆ

ವಿಷಯ: ವಸಾಹತು ಪರಂಪರೆ ಮತ್ತು ಪ್ರವಾಸೋದ್ಯಮದ ಸಂಶೋಧಕನೆಂಬ ಜೀವಿಯೇ ಈ ಪ್ರಬಂಧದ ವಸ್ತು. ಇದು ಏಪ್ರಿಲ್-ಮೇ ತಿಂಗಳಲ್ಲಿ ಸಮುದ್ರಮಟ್ಟದಿಂದ ಸುಮಾರು 2,200 ಮೀಟರ್ ಎತ್ತರದಲ್ಲಿ ಕಂಡುಬರುತ್ತದೆ. ಕಾಲೇಜು ತೆರೆಯುವ ಹೊತ್ತಿಗೆ ಟಿಎ-ಡಿಎ ಬಿಲ್ಲುಗಳ ಸಮೇತ ಬಯಲಿಗೆ ಇಳಿಯುತ್ತದೆ.

ಸಂಶಯ: ಈ ಏರಿಳಿತ ಸಂಶೋಧನೆಯೋ, ವಲಸೆಯೋ?

ಪೂರ್ವಪಕ್ಷ: ಸಂಶೋಧನೆಯೇ ಎಂಬುದು ಫಲಾನುಭವಿಗಳ ವಾದ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1822ರಲ್ಲಿ ಊಟಿಯಲ್ಲಿ ಕಲ್ಲುಮನೆ ಕಟ್ಟಿಸಲು ಹಿಡಿದ. ಮುಂದೆ ಮದ್ರಾಸ್ ಸರ್ಕಾರವೇ ಬೇಸಿಗೆ ಬಂದರೆ ಕಡತ, ಗುಮಾಸ್ತರ ಸಮೇತ ಬೆಟ್ಟ ಹತ್ತತೊಡಗಿತು. ಬೆಟ್ಟದ ಮೂಲನಿವಾಸಿಗಳಾದ ತೋಡರು ಎಮ್ಮೆ ಮೇಯಿಸುತ್ತಿದ್ದ ಹುಲ್ಲುಗಾವಲಿನಲ್ಲಿ ಚರ್ಚು, ಕ್ಲಬ್ಬು, ಕೆರೆ, ಸಸ್ಯೋದ್ಯಾನ ಎದ್ದವು. 1908ರಲ್ಲಿ ಊಟಿ ಮುಟ್ಟಿದ ಪುಟ್ಟ ರೈಲಿಗೆ 2005ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟ ಕಟ್ಟಿತು. ಬಿಳಿಯರು ತಮ್ಮ ಊರಿನ ನೆನಪಿಗೆ ಕಟ್ಟಿಕೊಂಡ ಪಟ್ಟಣವನ್ನು ಅವರ ನೆನಪಿಗಾಗಿ ನಾವು ಟಿಕೆಟ್ ತೆಗೆದು ನೋಡುತ್ತೇವೆ. ಇಷ್ಟು ಗಹನವಾದದ್ದನ್ನು ಸೆಖೆಯಲ್ಲಿ ಕೂತು ಯೋಚಿಸಲಾದೀತೆ? ಮೇಲಾಗಿ ವಸಾಹತು ದೃಷ್ಟಿಯ ಬಗ್ಗೆ ಎಡ್ವರ್ಡ್ ಸೈದ್ 1978ರಲ್ಲಿ, ಪ್ರವಾಸಿಗರ ನೋಟದ ಬಗ್ಗೆ ಜಾನ್ ಅರಿ 1990ರಲ್ಲಿ ಬರೆದಿಟ್ಟಿದ್ದಾರೆ. ಇಬ್ಬರನ್ನೂ ಅಡಿಟಿಪ್ಪಣಿಗೆ ಇಳಿಸಿದರೆ ಎಂಥ ಬೋಟಿಂಗೂ ಕ್ಷೇತ್ರಕಾರ್ಯವಾಗುತ್ತದೆ.

ಸಿದ್ಧಾಂತ: ಸಲಿವನ್ನನ ನಿಜವಾದ ವಾರಸುದಾರರು ಪ್ರವಾಸಿಗರಲ್ಲ, ಪ್ರಾಧ್ಯಾಪಕರು. ಪ್ರಮಾಣಗಳು ನಾಲ್ಕು.

ಒಂದು, ಇಬ್ಬರಿಗೂ ಬೆಟ್ಟದ ಮೇಲೆ ಕೆಲಸ ಬೀಳುವುದು ಕೆಳಗೆ ಬಿಸಿಲೇರಿದಾಗಲೇ. ಎರಡು, ಇಬ್ಬರನ್ನೂ ಸಾಕುವುದು ಪರರ ದುಡ್ಡು: ಅಂದು ಕಂಪನಿಯ ಸಂಬಳ, ಇಂದು ಅನುದಾನ. ಊಟಿಯ ವರ್ಕಿ ಬಿಸ್ಕತ್ತನ್ನು ಸ್ವಂತ ದುಡ್ಡಿನಲ್ಲಿ ತಿನ್ನುವವನು ಬಡಪಾಯಿ ಪ್ರವಾಸಿಗ ಮಾತ್ರ. ಮೂರು, ಅಂದು ಸಾಮಾನು ಹೊರಲು ಕೂಲಿಗಳಿದ್ದರು, ಇಂದು ಪಿಎಚ್‌ಡಿ ವಿದ್ಯಾರ್ಥಿಗಳಿದ್ದಾರೆ. ಕೂಲಿಗಳಿಗೆ ಕೂಲಿಯಾದರೂ ಸಿಗುತ್ತಿತ್ತು. ನಾಲ್ಕು, ಆ ಕಲ್ಲುಮನೆ ಇರುವುದೇ ಈಗ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿ. ವಾರಸುದಾರಿಕೆಗೆ ಇದಕ್ಕಿಂತ ಬೇರೆ ದಾಖಲೆ ಬೇಕೆ?

ಆಕ್ಷೇಪ: ಇಷ್ಟೆಲ್ಲ ಅಧ್ಯಯನದಿಂದ ತೋಡರಿಗೇನು ಲಾಭ? ಉತ್ತರ: ಪ್ರಶ್ನೆ ಸಂಶೋಧನಾ ಪ್ರಬಂಧದ ವ್ಯಾಪ್ತಿಯನ್ನು ಮೀರಿದ್ದು. ತೋಡರು ‘ಸ್ಥಳೀಯ ಸಮುದಾಯ’ ಎಂಬ ಹೆಸರಿನಲ್ಲಿ ಅದರ ಐದನೆಯ ಅಧ್ಯಾಯದಲ್ಲಿ ಬರುತ್ತಾರೆ. ಬಡ್ತಿಗೆ ಮೂರನೆಯ ಅಧ್ಯಾಯವೇ ಸಾಕಾಗುತ್ತದೆ.

ಪ್ರಯೋಜನ: ವಲಸೆಯಿಂದ ಸಂಶೋಧನೆಯನ್ನು ಬೇರ್ಪಡಿಸಲು ಸುಲಭ ಪರೀಕ್ಷೆಯೊಂದಿದೆ. ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದ ಜಿಲ್ಲೆಯಾಗಿತ್ತು, ಅಲ್ಲಿಯೂ ಬ್ರಿಟಿಷರ ದಂಡು ಬೀಡುಬಿಟ್ಟಿತ್ತು. ವಸಾಹತು ಪರಂಪರೆಗೆ ಅಲ್ಲೇನೂ ಬರವಿಲ್ಲ. ಮುಂದಿನ ವಿಚಾರಸಂಕಿರಣವನ್ನು ಮೇ ತಿಂಗಳಲ್ಲಿ ಅಲ್ಲಿಯೇ ನಡೆಸತಕ್ಕದ್ದು. ಬಂದವರು ವಿದ್ವಾಂಸರು, ಬಾರದವರು ಪ್ರವಾಸಿಗರು.