ಇಲ್ಲೇ ನಿಂತಿರು, ಈಗ ಬಂದೆ

ನಿಜ ಹೇಳಿ, ಲಿಡಿಯಾನ ಎಲ್ಲಿ ಬಿಟ್ಟು ಬಂದ್ರಿ? ನನ್ನ ಹತ್ರ ಏನೂ ಮುಚ್ಚಿಡಬೇಡಿ. ‘ಸ್ಕೈರಿಮ್’ ಆಡಿದೋರಲ್ಲಿ ಲಿಡಿಯಾನ ಒಂದ್ಸಲವಾದ್ರೂ ಕಳಕೊಳ್ಳದ ಪುಣ್ಯಾತ್ಮರನ್ನ ನಾನಂತೂ ಕಂಡಿಲ್ಲ. ಯಾವ ಗುಹೆ? ಯಾವ ಕೋಟೆ? ಯಾವ ಸೇತುವೆ ಕೆಳಗೆ? ನೆನಪಿಲ್ಲ ಅಂತೀರಾ. ಅದನ್ನೇ ಹೇಳ್ತೀರಿ ಅಂತ ಗೊತ್ತಿತ್ತು ಬಿಡಿ.

(ಗೇಮ್ ಆಡದೋರು ಹಾಗೇ ಪುಟ ಮಗುಚಬೇಡಿ. ನಿಮ್ಮನೇಲಿ ರಾತ್ರಿ ಒಂದಾದ್ರೂ ಒಂದು ರೂಮಿನ ಬಾಗಿಲ ಸಂದೀಲಿ ನೀಲಿ ಬೆಳಕು ಕಾಣುತ್ತಲ್ಲ? ‘ಪ್ರಾಜೆಕ್ಟ್ ಕೆಲಸ’ ಅಂತ ನಿಮ್ಗೆ ಹೇಳಿದಾರಲ್ಲ? ಆ ಪ್ರಾಜೆಕ್ಟಿನ ಹೆಸರೇ ಲಿಡಿಯಾ.)

2011ರ ನವೆಂಬರಲ್ಲಿ ಬೆಥೆಸ್ಡಾದವರು ಬಿಟ್ಟ ಆಟ ಅದು. ಹಿಮದ ನಾಡು, ಎತ್ತ ಬೇಕಾದ್ರೂ ನಡೀಬಹುದು, ಯಾಕೆ ಏನು ಅಂತ ಕೇಳೋರಿಲ್ಲ. ವೈಟ್‌ರನ್ ಊರಾಚೆ ಕಾವಲು ಗೋಪುರದ ಹತ್ರ ಒಂದು ಡ್ರ್ಯಾಗನ್ ಕೆಡವಿದ್ರೆ ಊರಿನ ದೊರೆ ಬಾಲ್ಗ್ರೂಫ್ ನಿಮಗೊಂದು ಬಿರುದು ಕೊಡ್ತಾನೆ. ಬಿರುದಿನ ಜೊತೆ ಬಾಡಿಗಾರ್ಡ್ ಫ್ರೀ. ಅವಳೇ ನಮ್ಮ ಲಿಡಿಯಾ.

ನಿಮ್ಮ ಹೊರೆ ಹೊರ್ತೀನಿ ಅಂತ ಆಣೆ ಮಾಡಿದೀನಿ ಅಂತಾಳೆ ನೋಡಿ, ಆ ದನಿ ನೆನಪಿದ್ಯಾ? ಮಾತೇನೋ ಬಲು ವಿಧೇಯ. ದನಿ ಮಾತ್ರ ಮೂರನೇ ಸಲ ಅಂಗಡಿಗೆ ಅಟ್ಟಿಸಿಕೊಂಡ ಮಗನದ್ದು. ಆ ದನಿ ನಿಮ್ಮ ಕಿವಿಗೆ ಬಿತ್ತಾ? ಎಲ್ಲಿ ಬಂತು! ನಿಮಗೆ ಕೇಳಿಸಿದ್ದು ‘ಹೊರೆ’ ಅನ್ನೋದೊಂದೇ.

ಸರಿ, ಹೇರೋಕೆ ಶುರು. ಡ್ರ್ಯಾಗನ್ ಮೂಳೆ ಒಂದೊಂದೂ 15 ತೂಕ, ಹಾಕು. ಡ್ರ್ಯಾಗನ್ ಚಿಪ್ಪು 10, ಅದೂ ಇರಲಿ. ಕಳ್ಳರ ಮೈಮೇಲಿಂದ ಬಿಚ್ಚಿದ ಚರ್ಮದ ಅಂಗಿ, ತುಕ್ಕು ಕಠಾರಿ, ಇಡೀ ಚೀಸ್ ಗಾಲಿ, ಒಂದು ಬಕೆಟ್ಟು. (ಬಕೆಟ್ ಯಾಕೆ ಅಂತ ನಂಗೊತ್ತು. ಅಂಗಡಿಯವನ ತಲೆ ಮೇಲೆ ಬೋರಲು ಹಾಕಿ, ಕಣ್ಣು ಮರೆಮಾಡಿ, ಮಾಲು ಎಗರಿಸೋಕೆ. ಆ ವಿಚಾರ ಇನ್ನೊಂದು ದಿನ ಮಾತಾಡೋಣ.)

ಕೊನೆಗೆ ಅವಳೂ ಇನ್ನು ಹೊರೋಕಾಗಲ್ಲ ಅಂದ್ಲು. ಆಗ ನೀವೇನ್ ಮಾಡಿದ್ರಿ ಅಂತ ಎಲ್ಲರೆದುರು ಹೇಳ್ಲಾ? ಮಿಕ್ಕ ಸಾಮಾನು ನೆಲದ ಮೇಲೆ ಸುರಿದು, ಒಂದೊಂದಾಗಿ ತೋರಿಸಿ ‘ಎತ್ಕೋ’ ಅಂದ್ರಿ. ಕೈಗೆ ಕೊಟ್ರೆ ತೂಕದ ಲೆಕ್ಕ ನೋಡ್ತಾಳೆ, ನೆಲದಿಂದ ಎತ್ಕೋ ಅಂದ್ರೆ ಲೆಕ್ಕ ಮರೀತಾಳೆ. ಆಟ ಮಾಡಿದೋರು ಗಮನಿಸದೆ ಬಿಟ್ಟ ಸಂದು ಅದು. ಸಂದು ಎಲ್ಲಿದೆ ಅಂತ ಹುಡುಕೋದ್ರಲ್ಲಿ ನಿಮ್ಮನ್ನ ಬಿಟ್ರುಂಟೇ?

ಇಷ್ಟು ಹೇರಿದ ಮೇಲಾದ್ರೂ ಜೊತೇಲಿ ಕರ್ಕೊಂಡು ಹೋಗ್ತೀರಾ? ಅದೂ ಇಲ್ಲ. ನೀವು ಬೆಕ್ಕಿನ ಹೆಜ್ಜೆ ಇಟ್ಟು ಕತ್ತಲಲ್ಲಿ ಹೊಂಚು ಹಾಕ್ತಿದ್ರೆ ಅವಳು ಧಡಧಡ ನಡೆದು ನೆಲದ ಕಲ್ಲು ತುಳಿದು ಗೋಡೆಯಿಂದ ಬಾಣ ಹಾರಿಸ್ತಾಳೆ. ಇಕ್ಕಟ್ಟು ಬಾಗಿಲಿಗೆ ಸರಿಯಾಗಿ ಅಡ್ಡ ನಿಂತು ನಿಮ್ಮ ಮುಖಾನೇ ನೋಡ್ತಾಳೆ. ನಿಮ್ಗೆ ರೇಗುತ್ತೆ. ‘ಇಲ್ಲೇ ನಿಂತಿರು, ಈಗ ಬಂದೆ’ ಅಂತ ಹೇಳಿ ಒಳಗೆ ನುಗ್ತೀರಿ.

ಬಂದ್ರಾ? ಸ್ಕೈರಿಮ್ ಗುಹೆಗಳ ಚಾಳಿ ನಿಮಗೆ ಗೊತ್ತೇ ಇದೆ. ಕೊನೇ ಕೋಣೆ ತಲುಪಿ ದೊಡ್ಡ ಪೆಟ್ಟಿಗೆ ದೋಚಿದ್ರೆ ಪಕ್ಕದಲ್ಲೇ ಒಂದು ಹಿತ್ತಲ ದಾರಿ. ಮತ್ತೆ ಅಷ್ಟುದ್ದ ನಡೆದು ಹಿಂದಕ್ಕೆ ಬರೋ ಪೀಕಲಾಟ ಬೇಡ ಅಂತ ಅವರು ಮಾಡಿಟ್ಟ ಅನುಕೂಲ. ಅಲ್ಲಿಂದ ಆಚೆ ಬಿದ್ರಿ, ಮ್ಯಾಪ್ ತೆಗೆದ್ರಿ, ಫಾಸ್ಟ್ ಟ್ರಾವೆಲ್ ಒತ್ತಿ ಊರು ಸೇರಿದ್ರಿ. ಮಾರೋಕೆ ಕೂತಾಗ ಜ್ಞಾನೋದಯ: ಅಯ್ಯೋ, ಮೂಳೆ ಎಲ್ಲ ಅವಳ ಹತ್ರ ಇದೆಯಲ್ಲಾ!

ನೋಡಿ, ನೋಡಿ. ‘ಲಿಡಿಯಾ ಎಲ್ಲಿ’ ಅಂತ ನಿಮಗೆ ಅನ್ನಿಸಿದ್ದೇ ಅಲ್ಲಿ. ಅದೂ ಮೂಳೆ ನೆಪದಲ್ಲಿ. (ಇಲ್ಲ ಇಲ್ಲ, ನನಗೆ ಅವಳದ್ದೇ ಚಿಂತೆ ಇತ್ತು ಅಂತ ತಲೆ ಆಡಿಸ್ತಿದೀರಲ್ಲ, ನಂಬಿದೆ. ಮುಂದಕ್ಕೆ ಹೋಗೋಣ.)

ಶುರುವಾಯ್ತು ಹುಡುಕಾಟ. ಗುಹೆಗೆ ವಾಪಸ್ ಹೋಗಿ ಮೂಲೆ ಮೂಲೆ ತಡಕಿದ್ರಿ. ಕೊಂದು ಹಾಕಿದ್ದ ಅಸ್ಥಿಪಂಜರಗಳನ್ನೆಲ್ಲ ಇನ್ನೊಮ್ಮೆ ಮಗುಚಿ ನೋಡಿದ್ರಿ. ಅವಳು ಅಲ್ಲಿ ಇದ್ರೆ ತಾನೇ? ಕಾಯೋಕೆ ಹೇಳಿದ್ರೆ ಆಟದ ಲೆಕ್ಕದಲ್ಲಿ ಮೂರು ದಿನ ಕಾಯ್ತಾಳೆ, ಆಮೇಲೆ ಎದ್ದು ಮನೆ ದಾರಿ ಹಿಡೀತಾಳೆ. ಅಲ್ಲಿನ ಒಂದು ದಿನ ಅಂದ್ರೆ ನಮ್ಮ 72 ನಿಮಿಷ. ನೀವು ಊರೂರು ಹಾರಿ, ಛತ್ರದಲ್ಲಿ ನಿದ್ದೆ ಹೊಡೆದು, ಆ ಮೂರು ದಿನಾನ ಅರ್ಧ ಗಂಟೇಲಿ ಮುಗಿಸಿಬಿಟ್ಟಿದೀರಿ.

ಅಷ್ಟರಲ್ಲಿ ಅವಳು ವೈಟ್‌ರನ್ ಸೇರಿ ಆಗಿದೆ. ನೀವು ಐದು ಸಾವಿರ ಚಿನ್ನ ಕೊಟ್ಟು ಬ್ರೀಝ್‌ಹೋಮ್ ಅನ್ನೋ ಮನೆ ತಗೊಂಡಿದ್ರೆ ಅಲ್ಲಿ, ಇಲ್ಲಾಂದ್ರೆ ದೊರೆಯ ಅರಮನೇಲಿ. ನೀವು ಗುಹೇಲಿ ಟಾರ್ಚ್ ಹಿಡಿದು ಹೆಸರು ಕೂಗ್ತಿದ್ದಾಗ ಅವಳು ಆರಾಮಾಗಿ ಕುರ್ಚೀಲಿ ಕೂತು ಬ್ರೆಡ್ ಕಡೀತಿದ್ಲು. ಇಬ್ಬರಲ್ಲಿ ಕಳೆದುಹೋದೋರು ಯಾರು, ಈಗ ಹೇಳಿ ನೋಡೋಣ.

ಕಂಪ್ಯೂಟರಲ್ಲಿ ಆಡೋ ಗಿರಾಕಿಗಳು ಇನ್ನೂ ಖದೀಮರು. ಗುಹೆಗೆ ವಾಪಸ್ ನಡೆಯೋ ಜಾಯಮಾನ ಅವರದ್ದಲ್ಲ. ಕನ್ಸೋಲ್ ತೆರೆದು ‘ಪ್ರಿಡ್’ ಅಂತ ಒತ್ತಿ, ಸೊನ್ನೆ ಸೊನ್ನೆ ಸೊನ್ನೆ ಎ ಎರಡು ಸಿ ಒಂಬತ್ತು ನಾಲ್ಕು, ‘ಮೂವ್‌ಟು ಪ್ಲೇಯರ್’. ಲಿಡಿಯಾ ಪ್ರತ್ಯಕ್ಷ! ಈ ಸಂಖ್ಯೆ ನಿಮಗೆ ಬಾಯಿಪಾಠ, ಅಲ್ವಾ? ನಿಮ್ಮ ತಂಗಿ ಫೋನ್ ನಂಬರ್ ಹೇಳಿ ನೋಡೋಣ. ಫೋನ್ ತೆಗೀಬೇಡಿ, ಹಾಗೇ ಹೇಳಿ.

ಒಂದೇ ಒಂದು ಎಚ್ಚರ. ಅವಳು ಎಲ್ಲೋ ಸತ್ತು ಬಿದ್ದಿದ್ರೂ ಆ ಮಂತ್ರ ಕೆಲಸ ಮಾಡುತ್ತೆ. ಕಾಲ ಬುಡದಲ್ಲಿ ಧೊಪ್ ಅಂತ ಹೆಣ ಬೀಳುತ್ತೆ. ಆಗ ನೀವು ಗಾಬರಿಯಾಗಿ, ಕಣ್ಣೊರೆಸಿಕೊಂಡು... ಸುಮ್ನಿರಿ, ನೀವು ಮೊದಲು ಮಾಡೋದು ಮೂಟೆ ಬಿಚ್ಚಿ ಮೂಳೆ ಎಣಿಸೋದು.

ಸತ್ತಿದ್ದು ಹೇಗೆ ಅನ್ನೋದನ್ನೂ ಕೇಳಬೇಕಾಗುತ್ತೆ. ಯಾಕಂದ್ರೆ ಸ್ಕೈರಿಮ್‌ನಲ್ಲಿ ಜೊತೆಗಾರರು ಶತ್ರುಗಳ ಪೆಟ್ಟಿಗೆ ಸಾಮಾನ್ಯಕ್ಕೆ ಸಾಯೋರಲ್ಲ. ಏಟು ಜಾಸ್ತಿಯಾದ್ರೆ ಮಂಡಿಯೂರಿ ಕೂತ್ಕೊಂಡು ಸುಧಾರಿಸ್ಕೋತಾರೆ. ಆ ಹೊತ್ತಲ್ಲಿ ಅವರ ಪ್ರಾಣ ತೆಗೆಯೋ ಅಧಿಕಾರ ಮುಖ್ಯವಾಗಿ ಒಬ್ಬರಿಗೆ ಇದೆ. ಯಾರಿಗೆ ಅಂತೀರಿ? ಗುರಿ ತಪ್ಪಿ ಬಾಣ ಬಿಡೋ ತಮಗೆ! (‘ಅವಳೇ ಅಡ್ಡ ಬಂದ್ಲು.’ ಹೌದು ಸ್ವಾಮಿ, ಎಲ್ಲ ಆಕ್ಸಿಡೆಂಟಲ್ಲೂ ಮರವೇ ಅಡ್ಡ ಬರೋದು.)

ಆಪ್ತರು ಯಾರಾದ್ರೂ ಸತ್ರೆ ಆ ನಾಡಿನ ಅಂಚೆಯವನು ಓಡೋಡಿ ಬಂದು ಕಾಗದ ಕೊಡ್ತಾನೆ. ಮೃತರು ನಿಮ್ಗೆ ಇಷ್ಟು ಚಿನ್ನ ಬಿಟ್ಟು ಹೋಗಿದಾರೆ, ದೊರೆಯ ಪಾಲಿನ ತೆರಿಗೆ ಮುರಿದುಕೊಂಡಿದೆ ಅಂತ. ಅವನು ನಿಮ್ಮನ್ನ ಎಲ್ಲಿದ್ರೂ ಹುಡುಕ್ತಾನೆ, ಕಾಡಲ್ಲೂ ಬಿಡಲ್ಲ. ನೀವು ಆ ಕಾಗದದಲ್ಲಿ ಹೆಸರು ಓದಿದ್ರಾ, ಮೊತ್ತ ಓದಿದ್ರಾ? ‘ತೆರಿಗೆ ಜಾಸ್ತಿ ಆಯ್ತು’ ಅಂತ ಗೊಣಗಿದ್ದು ಮಾತ್ರ ಪಕ್ಕದ ರೂಮಿಗೂ ಕೇಳಿಸಿದೆ.

ಮನುಷ್ಯರ ವಿಷ್ಯ ಬಿಡಿ, ನಾಯಿ ಅಂದ್ರೆ ನನಗೆ ಪ್ರಾಣ ಅಂತೀರಲ್ಲ. 2015ರ ‘ಫಾಲ್‌ಔಟ್ 4’ ತೆಗೆಯೋಣ. ಬಾಂಬು ಬಿದ್ದು ಹಾಳಾದ ಬಾಸ್ಟನ್ ಸುತ್ತಮುತ್ತ, ಪಾಳುಬಿದ್ದ ಪೆಟ್ರೋಲ್ ಬಂಕಿನ ಹತ್ರ ಡಾಗ್‌ಮೀಟ್ ಬಾಲ ಅಲ್ಲಾಡಿಸ್ಕೊಂಡು ನಿಮ್ಮ ಜೊತೆಯಾಗುತ್ತೆ. ರಿವರ್ ಅನ್ನೋ ನಿಜವಾದ ಜರ್ಮನ್ ಶೆಫರ್ಡ್ ಹೆಣ್ಣುನಾಯಿಯ ನಡೆ ನುಡಿ ನೋಡಿ ಮಾಡಿದ ಪಾತ್ರ ಅದು. 2021ರಲ್ಲಿ ಆ ರಿವರ್ ತೀರಿಕೊಂಡಾಗ ಎಲ್ಲೆಲ್ಲಿಯ ಆಟಗಾರರೋ ಮರುಗಿದ್ರು, ನೀವೂ ಸ್ಟೇಟಸ್ ಹಾಕಿದ್ರಿ.

ಸ್ಟೇಟಸ್ ಹಾಕಿದ ನೀವೇ ತಾನೇ, ಹೊಸ ಜೊತೆಗಾರ ಸಿಕ್ಕಿದ ತಕ್ಷಣ ನಾಯೀನ ಸಾಗಹಾಕಿದ್ದು? ಎಲ್ಲಿಗೆ ಕಳಿಸಲಿ ಅಂತ ಆಟ ಹಳ್ಳಿಗಳ ಪಟ್ಟಿ ಮುಂದಿಟ್ಟು ಕೇಳುತ್ತೆ. ಓದೋ ಪುರುಸೊತ್ತು ಯಾರಿಗಿದೆ, ಟಪ್ ಅಂತ ಬಟನ್ ಒತ್ತಿದ್ರಿ. ಆಮೇಲೆ ಹಳ್ಳಿ ಹಳ್ಳಿ ಅಲೆದು ಗೂಡು ಗೂಡಲ್ಲಿ ಇಣುಕಿದ್ದೇ ಇಣುಕಿದ್ದು. (ಒಂದು ಗುಟ್ಟು: ಊರಲ್ಲಿ ನಾಯಿಮನೆ ಕಟ್ಟಿಟ್ರೆ ಹೋಗಿ ಅದರಲ್ಲೇ ಮಲಗಿರುತ್ತೆ. ನಿಮ್ಮ ಅರಮನೆ ಮೂರು ಮಹಡಿ ಎದ್ದಾಯ್ತು, ನಾಯಿಗೆ ನಾಲ್ಕು ಹಲಗೆ ಹೊಂದಿಸೋಕೆ ಟೈಮಿಲ್ಲ.)

ಕುದುರೆಗಳಿಗೆ ಬಂದ್ರೆ ಎಲ್ಲ ಸಿಳ್ಳೆ ಹೊಡೆಯೋ ಪೈಕಿ. ‘ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ಸಿಳ್ಳೆ ಹಾಕಿದ್ರೆ ಅವನ ಕುದುರೆ ರೋಚ್ ಎಲ್ಲಿದ್ರೂ ಬರುತ್ತೆ. ಬರೋದೇನೋ ಬರುತ್ತೆ, ಕೆಲವು ಸಲ ಯಾರದ್ದೋ ಮನೆ ಸೂರಿನ ಮೇಲೆ ಬಂದು ನಿಂತಿರುತ್ತೆ! ಆಟ ಮಾಡಿದ ಪೋಲೆಂಡಿನ ಮಂದಿಗೆ ನಾಚಿಕೆ ಆಯ್ತು ಅಂದ್ಕೊಂಡ್ರಾ? ತಮ್ಮ ‘ಗ್ವೆಂಟ್’ ಇಸ್ಪೀಟಾಟದಲ್ಲಿ ರೋಚ್‌ನ ಸೂರಿನ ಮೇಲೇ ನಿಲ್ಲಿಸಿ ಚಿತ್ರ ಬರೆಸಿದ್ರು. ತಪ್ಪನ್ನ ಹೀಗೂ ದಕ್ಕಿಸ್ಕೋಬಹುದು ನೋಡಿ.

ನಿಂಟೆಂಡೋದವರು ನಿಮ್ಮ ಯೋಗ್ಯತೆ ಮೊದಲೇ ಅಳೆದಿದ್ರು ಅಂತ ಕಾಣುತ್ತೆ. 2017ರ ‘ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ಐದು ಕುದುರೆ ಹೆಸರು ಬರೆಸಬಹುದು. ಜ್ವಾಲಾಮುಖಿ ಬುಡದಲ್ಲಿ ಬಿಟ್ಟು ಮರೆತು ಬಂದ್ರೂ, ಇನ್ನೊಂದು ಮೂಲೆಯ ಲಾಯದಲ್ಲಿ ಕೇಳಿದ್ರೆ ಆಯಮ್ಮನೋ ಆಯಪ್ಪನೋ ಚಕಾರ ಎತ್ತದೆ ತಂದು ಕೊಡ್ತಾರೆ. ಸತ್ತೇ ಹೋದ್ರೂ ಬದುಕಿಸೋಕೆ ಮಲಾನ್ಯ ಅಂತ ಕುದುರೆ ದೇವರೇ ಇದೆ. ಅಷ್ಟೆಲ್ಲ ಇದ್ದೂ ನೀವು ಬಂಡೆ ಹತ್ತಿ ಹಾರಿ ಹೋಗ್ತೀರಿ, ಕುದುರೆ ಕೆಳಗೆ ಹುಲ್ಲು ಮೇಯ್ತಾ ಇರುತ್ತೆ.

‘ರೆಡ್ ಡೆಡ್ ರಿಡೆಂಪ್ಶನ್ 2’ ಮಾತ್ರ ಇಂಥ ಮುದ್ದೆಲ್ಲ ಮಾಡಲ್ಲ. ದೂರ ಇದ್ರೆ ಸಿಳ್ಳೆ ಕೇಳಿಸಲ್ಲ. ಗಾಯಗೊಂಡ ಕುದುರೆಗೆ ಸಮಯಕ್ಕೆ ಔಷಧ ಕೊಡದಿದ್ರೆ ಸತ್ತಿದ್ದು ಸತ್ತಂತೆಯೇ. ನೀವು ಮೈ ಉಜ್ಜಿ, ಕ್ಯಾರೆಟ್ ತಿನ್ನಿಸಿ, ಕುತ್ತಿಗೆ ಸವರಿ ಸಾಕಿದ್ದು. ಅದರ ಹೆಣದ ಪಕ್ಕ ಕೂತು ಜೀನು ಬಿಚ್ಚಿ ಹೆಗಲಿಗೇರಿಸಿಕೊಂಡು, ದಾರೀಲಿ ಹೋಗೋನ ಕುದುರೆ ಮೇಲೆ ಕಣ್ಣು ಹಾಕ್ಕೊಂಡು ನಡೆದ್ರಲ್ಲ, ಆ ದೃಶ್ಯ ನೆನೆಸ್ಕೊಳ್ಳಿ. ಜೀನು ದುಬಾರಿ ಅಂತೀರಿ. ಇರಬಹುದು.

ಎಲ್ಲಕ್ಕಿಂತ ಚೋದ್ಯ ಕ್ಯಾಪ್‌ಕಾಮ್‌ನವರ ‘ಡ್ರ್ಯಾಗನ್ಸ್ ಡಾಗ್ಮಾ’. ಅಲ್ಲಿ ಜೊತೆಗಾರನ ಮುಖ ಮೂಗು ಎತ್ತರ ಎಲ್ಲ ನೀವೇ ತಿದ್ದಿ ತೀಡಿ ಮಾಡೋದು. (ಗಂಟೆಗಟ್ಟಲೆ ಮೂಗೊಂದನ್ನೇ ತಿದ್ದಿದೀರಿ, ಗೊತ್ತು.) ಅವನಿಗೆ ‘ಪಾನ್’ ಅಂತ ಹೆಸರು. ನಿಮ್ಮ ಪಾನ್ ಬೇರೆ ಆಟಗಾರರ ಹತ್ರ ಕೂಲಿಗೂ ಹೋಗ್ತಾನೆ, ಅವರ ಜೊತೆ ಕಾದಾಡಿ, ಬರುವಾಗ ಕಲಿತ ವಿದ್ಯೆ, ಒಂದು ಉಡುಗೊರೆ ಹೊತ್ಕೊಂಡು ಬರ್ತಾನೆ. ಯಾರೋ ಪುಣ್ಯಾತ್ಮ ದುಬಾರಿ ಸಾಮಾನು ಕೊಟ್ಟಿರ್ತಾನೆ. ನೀವು ಬೇರೆಯವರ ಪಾನ್‌ಗೆ ಕೊಟ್ಟು ಕಳಿಸಿದ್ದು? ಕೊಳೆತ ಹಣ್ಣು.

2024ರಲ್ಲಿ ಬಂದ ಎರಡನೇ ಭಾಗದಲ್ಲಿ ಈ ಪಾನ್‌ಗಳಿಗೆ ಒಂದು ರೋಗ ತಗುಲುತ್ತೆ. ಕಣ್ಣು ಕೆಂಪಗೆ ಹೊಳೆಯುತ್ತೆ, ತಲೆ ಹಿಡ್ಕೊಂಡು ನಿಲ್ತಾನೆ, ಹೇಳಿದ ಮಾತು ಕೇಳಲ್ಲ. ಅಸಡ್ಡೆ ಮಾಡಿ ಛತ್ರದಲ್ಲಿ ಮಲಗಿ ಎದ್ರೆ ಬೆಳಗಾಗೋ ಹೊತ್ತಿಗೆ ಇಡೀ ಊರಿಗೆ ಊರೇ ಹೆಣ. ಮದ್ದೇನು? ಎತ್ತಿ ನೀರಿಗೆ ಎಸೆಯೋದು! ನೀರು ಅವನನ್ನ ನುಂಗುತ್ತೆ, ನೀವು ರಿಫ್ಟ್‌ಸ್ಟೋನ್ ಅನ್ನೋ ಕಲ್ಲಿನ ಹತ್ರ ಹೋಗಿ ಮತ್ತೆ ಕರೆದ್ರೆ ಹೊಸಬನ ಹಾಗೆ ಬರ್ತಾನೆ.

ಸರಿಯಾದ ಮದ್ದೇ. ಆದ್ರೆ ನಿಮ್ಮ ಕೈ ಹೇಗಾಯ್ತು ಅಂದ್ರೆ, ಅವನು ಬಿಸಿಲಿಗೆ ಕಣ್ಣು ಉಜ್ಜಿದ್ರೂ ಅನುಮಾನ. ಎದುರು ಮಾತಾಡಿದ್ರೆ ನೀರಿಗೆ. ಸುಸ್ತಾಯ್ತು ಅಂದ್ರೆ ನೀರಿಗೆ. ಪಾಪದವನು ವಾಪಸ್ ಬಂದು ಏನೂ ನಡೆದೇ ಇಲ್ಲ ಅನ್ನೋ ಹಾಗೆ ಹೈ-ಫೈವ್ ಕೊಡೋಕೆ ಕೈ ಎತ್ತುತ್ತಾನೆ. ನೀವು ನಾಚಿಕೆ ಇಲ್ಲದೆ ಕೈ ತಟ್ತೀರಿ.

ನಿಮ್ಮ ಪರ ಒಂದು ಮಾತು ಹೇಳದಿದ್ರೆ ನನಗೂ ಪಾಪ ಸುತ್ಕೊಳ್ಳುತ್ತೆ. ಹುಡುಕೋಕೆ ನಿಂತ್ರೆ ನಿಮ್ಮಂಥ ಛಲದೋರು ಇಲ್ಲ. 2015ರ ‘ಮೆಟಲ್ ಗಿಯರ್ ಸಾಲಿಡ್ 5’ರಲ್ಲಿ ಕ್ವೈಟ್ ಅಂತ ಒಬ್ಬಳು ಸ್ನೈಪರ್. ಬಾಯಿ ಬಿಟ್ಟು ಇಂಗ್ಲಿಷ್ ಮಾತಾಡಿದ್ರೆ ಮೈಯೊಳಗಿನ ರೋಗ ಸುತ್ತಲಿನವರಿಗೆ ಹರಡುತ್ತೆ ಅಂತ ಮೌನವಾಗೇ ಇರ್ತಾಳೆ. 45ನೇ ಮಿಷನ್‌ನಲ್ಲಿ ಹಾವು ಕಚ್ಚಿದ ನಾಯಕನ್ನ ಉಳಿಸೋಕೆ ಮಾತಾಡಲೇಬೇಕಾಗುತ್ತೆ. ಮಾತಾಡ್ತಾಳೆ, ಉಳಿಸ್ತಾಳೆ, ಹೊರಟು ಹೋಗ್ತಾಳೆ. ವಾಪಸ್ ಬರಲ್ಲ.

ಎಂಥ ಗೋಳಾಟ ಆಗ! ಕಂಪನಿಯವರಿಗೂ ಕರುಳು ಚುರುಕ್ ಅಂದಿರಬೇಕು, ಆಮೇಲಿನ ಒಂದು ಅಪ್‌ಡೇಟಲ್ಲಿ ದಾರಿ ಬಿಟ್ರು. ಅವಳನ್ನ ಮೊದಲ ಸಲ ಎದುರಿಸಿದ 11ನೇ ಮಿಷನ್ನನ್ನ ಏಳು ಸಲ ಮತ್ತೆ ಆಡಿದ್ರೆ ಅವಳು ಬರ್ತಾಳೆ. ಏಳು ಸಲ ಅದೇ ಪಾಳು ಕೋಟೆ, ಅದೇ ಗುಂಡು, ಅದೇ ಬಿಸಿಲು. ಮನೇಲಿ ಗ್ಯಾಸ್ ಬುಕ್ ಮಾಡಿ ಅಂತ ಎರಡನೇ ಸಲ ಹೇಳಿದ್ರೆ ಸಿಡುಕೋ ನೀವು ಏಳೂ ಸಲ ಆಡಿದ್ರಿ. ಅವಳೂ ಬಂದ್ಲು.

ಆಮೇಲೆ ಮುಂದಿನ ಮಿಷನ್‌ಗೆ ಯಾರನ್ನ ಕರ್ಕೊಂಡು ಹೋದ್ರಿ? ಡಿ-ಡಾಗ್! (ಅದು ಶತ್ರುಗಳ ವಾಸನೆ ಹಿಡಿದು ಎಲ್ಲೆಲ್ಲಿದಾರೆ ಅಂತ ತೋರಿಸುತ್ತೆ, ಅನುಕೂಲ ಅಂತೀರಿ. ಹೇಳಿ, ಹೇಳಿ, ಅವಳಿಗೂ ಅದನ್ನೇ ಹೇಳಿ.)