ಸ್ವಾತಿ ಮಳೆಯ ಮುತ್ತು

ಅಕ್ಟೋಬರ್ 24ರ ಹೊತ್ತಿಗೆ ಸ್ವಾತಿ ಮಳೆ ಹುಟ್ಟುತ್ತದೆ. ‘ಸ್ವಾತಿ ಮಳೆ ಮುತ್ತಿನ ಬೆಳೆ’ ಎಂದು ಗಾದೆ. ಬಾಯಿ ತೆರೆದು ಕಾದ ಚಿಪ್ಪಿಗೆ ಸ್ವಾತಿಯ ಹನಿ ಬಿದ್ದರೆ ಮುತ್ತಾಗುತ್ತದೆ ಎಂಬ ನಂಬಿಕೆ ಭರ್ತೃಹರಿಯ ಶತಕದಲ್ಲೇ ಇದೆ. ಆದರೆ ಮಳೆ ಚಿಪ್ಪನ್ನೇ ಹುಡುಕಿಕೊಂಡು ಬೀಳುವುದಿಲ್ಲವಲ್ಲ! ನಮ್ಮ ಬಂಧುಬಳಗ ಇರುವ ನಾಲ್ಕು ತಾಲ್ಲೂಕುಗಳ ಮೇಲೂ ಬೀಳುತ್ತದೆ.

ಚನ್ನಗಿರಿಯ ಮಾವನ ಮನೆಯಲ್ಲಿ ಅದು ಅಡಿಕೆ ಸುಲಿದು, ಬೇಯಿಸಿ, ಅಂಗಳದಲ್ಲಿ ಹರವುವ ಕಾಲ. ಮೋಡ ಕಂಡರೆ ಸಾಕು, ಉಣ್ಣುತ್ತಿದ್ದವರೂ ಎಂಜಲು ಕೈಯಲ್ಲೇ ತಾಡಪಾಲಿನ ಅಂಚು ಹಿಡಿದು ಓಡುತ್ತಾರೆ. ಎರಡು ದಿನ ಬಿಸಿಲು ಕಾಣದಿದ್ದರೆ ಅಡಿಕೆಗೆ ಬೂಷ್ಟು. ಹೊನ್ನಾಳಿಯ ಚಿಕ್ಕಪ್ಪನ ಗದ್ದೆಯಲ್ಲಿ ಮಳೆಯ ಜೊತೆ ಗಾಳಿ ಸೇರಿತೆಂದರೆ ತೆನೆ ಕಟ್ಟಿದ ಭತ್ತ ಅಂಗಾತ ಮಲಗುತ್ತದೆ. ನ್ಯಾಮತಿಯ ಭಾವ ಮೆಕ್ಕೆಜೋಳವನ್ನು ಡಾಂಬರು ರಸ್ತೆಯ ಅರ್ಧಕ್ಕೆ ಒಣಹಾಕಿ, ಅಂಚಿಗೆ ಕಲ್ಲಿಟ್ಟು, ಬಸ್ಸಿನವರ ಬೈಗುಳ ಕೇಳುತ್ತಾ ಕೂತಿರುತ್ತಾರೆ. ಮುತ್ತು ಚಂದ್ರನ ರತ್ನ, ಮನಸ್ಸನ್ನು ತಂಪಾಗಿಡುತ್ತದೆ ಎಂದು ಜೋಯಿಸರು ಹೇಳಿದ್ದಕ್ಕೆ ಭಾವನ ಕಿರುಬೆರಳಿನಲ್ಲಿ ಬೆಳ್ಳಿಯ ಕಟ್ಟಿನ ಮುತ್ತಿನುಂಗುರವಿದೆ. ಸ್ವಾತಿ ಮಳೆಯ ದಿನ ಆ ಬೆರಳನ್ನು ಆಕಾಶಕ್ಕೆ ಎತ್ತಿಯೇ ಅವರು ಬೈಯುವುದು.

ಜಗಳೂರಿನ ಅತ್ತೆ ಮಾತ್ರ ಫೋನಿನಲ್ಲಿ ಹಿಗ್ಗುತ್ತಾರೆ: “ಬರ್ಲಿ ಬಿಡಪ್ಪ, ಕಡ್ಲೆ ಬಿತ್ತಾಕೆ ಇದೇ ಹದ.” ಎರೆಹೊಲಕ್ಕೆ ಇನ್ನೊಂದು ಮಳೆ ಸಿಕ್ಕರೆ ಹಿಂಗಾರು ಕೈಗೆ ಬಂದಂತೆ. ಗಾದೆ ಕಟ್ಟಿದವನು ಜಗಳೂರಿನ ಕಡೆಯವನೇ ಇರಬೇಕು, ಅಡಿಕೆ ಬೆಳೆಗಾರನಂತೂ ಅಲ್ಲ.

ಚಿಪ್ಪಿನ ಜೀವಿಯನ್ನೇ ಕೇಳಿದ್ದರೆ ಅದೂ ಚನ್ನಗಿರಿ ಮಾವನ ಪಕ್ಷವೇ. ಮುತ್ತಿಗೂ ಮಳೆಹನಿಗೂ ಸಂಬಂಧವಿಲ್ಲ. ಮರಳಿನ ಕಣದ ಕಥೆಯೂ ಬಹುಮಟ್ಟಿಗೆ ಕಥೆಯೇ. ಪರಾವಲಂಬಿ ಹುಳುವೊಂದು ಕೊರೆದು ಒಳನುಗ್ಗುವಾಗಲೋ ಗಾಯವಾದಾಗಲೋ ಚಿಪ್ಪಿನ ಒಳಗೋಡೆಗೆ ಅಂಟಿದ ತೆಳು ಪದರದ ಒಂದಿಷ್ಟು ಜೀವಕೋಶಗಳು ಮೈಯೊಳಗೆ ಜಾರುತ್ತವೆ. ಅಲ್ಲೇ ಬೆಳೆದು ಚೀಲವಾಗಿ, ಚಿಪ್ಪಿಗೆ ಬಳಿಯುತ್ತಿದ್ದ ಹೊಳಪಿನ ದ್ರವ್ಯವನ್ನೇ ಒಳಗೆ ಸುರಿಯುತ್ತವೆ. ಅದು ಪದರದ ಮೇಲೆ ಪದರ ಕೂತು ವರ್ಷಗಳಲ್ಲಿ ಮುತ್ತಾಗುತ್ತದೆ. ಆ ಜೀವಿಗೆ ಅದು ಒಡವೆಯಲ್ಲ, ತೀರದ ಕಿರಿಕಿರಿ. ಜಪಾನಿನ ಮಿಕಿಮೊಟೊ 1893ರಲ್ಲಿ ಈ ಕಿರಿಕಿರಿಯನ್ನು ಬೇಕೆಂದೇ ಕೊಟ್ಟು ಅರ್ಧಮುತ್ತು ಬೆಳೆಸಿದ. ಈಗ ಅಂಗಡಿಯಲ್ಲಿ ಸಿಗುವುದೆಲ್ಲ ಹೆಚ್ಚುಕಡಿಮೆ ಇಂಥ ಸಾಕಿದ ಮುತ್ತೇ.

ನಮ್ಮ ಕೆರೆ ಹೊಳೆಗಳಲ್ಲೂ ಮುತ್ತು ಕಟ್ಟಬಲ್ಲ ಕಪ್ಪೆಚಿಪ್ಪುಗಳುಂಟು. ಆದರೆ ಸೂಳೆಕೆರೆಯ ದಡದಲ್ಲಿ ಅವನ್ನು ಆರಿಸುತ್ತಿದ್ದ ನಾವು ಹುಡುಗರು ಮುತ್ತಿಗೆ ಆಸೆಪಟ್ಟವರಲ್ಲ. ಚಿಪ್ಪಿನ ಉಬ್ಬಿದ ಬೆನ್ನನ್ನು ಒರಟು ಕಲ್ಲಿಗೆ ಗಸಗಸ ತಿಕ್ಕಿದರೆ ನಡುವೆ ತೂತು ಬೀಳುತ್ತದೆ. ಅದರ ಅಂಚಿನಿಂದ ಮಾವಿನಕಾಯಿ ಹೆರೆದರೆ ಸಿಪ್ಪೆ ಸುರುಳಿ ಸುರುಳಿಯಾಗಿ ಬರುತ್ತದೆ. ಒಳಮೈಯ ಕಾಮನಬಿಲ್ಲಿನ ಹೊಳಪು ಮುತ್ತಿನದೇ ಎಂದು ಗೊತ್ತಿದ್ದರೂ ನಾವು ತಿಕ್ಕುವುದನ್ನು ನಿಲ್ಲಿಸುತ್ತಿರಲಿಲ್ಲ. ಹಸಿವು ಮಾವಿನಕಾಯಿಯದು.

ಸಮುದ್ರ ಕಾಣದ ಸೀಮೆಯಾದರೂ ನಮ್ಮಲ್ಲಿ ಮುತ್ತಿಗೆ ಬರವಿಲ್ಲ. ಮುತ್ತಿನಂಥ ಜೋಳ, ಮುತ್ತಿನಂಥ ಮಾತು, ಮದುವೆಯಾದ ಮೊದಲ ವರ್ಷ ಮುತ್ತಿನಂಥ ಸೊಸೆ. ನಿಜವಾದ ಮುತ್ತು ಕಂಡವರು ಹೊಳೆಯ ಕೆಳಗಿನವರು. ಹೊನ್ನಾಳಿ ದಾಟಿದ ತುಂಗಭದ್ರೆ ಹಂಪಿಗೆ ಹೋಗುತ್ತಾಳೆ. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಪೇಟೆಯಲ್ಲಿ ಮುತ್ತು ಮಾಣಿಕ್ಯಗಳನ್ನು ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದ. ಅದೇ ಹೊತ್ತಗೆಯಲ್ಲಿ ಅಡಿಕೆ, ಎಲೆ, ಸುಣ್ಣ ಸೇರಿದ ವೀಳ್ಯದ ಗುಣಗಾನವನ್ನೂ ಮಾಡಿದ.

ಅರಸರು ಮುತ್ತನ್ನೇ ಸುಟ್ಟ ಸುಣ್ಣದಲ್ಲಿ ವೀಳ್ಯ ಮೆಲ್ಲುತ್ತಿದ್ದರಂತೆ. ಮುತ್ತಾಗಲಿ, ಚಿಪ್ಪಾಗಲಿ, ಸುಣ್ಣದ ಕಲ್ಲಾಗಲಿ, ಮೂಲದಲ್ಲಿ ಎಲ್ಲವೂ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟು ನೀರು ಹಾಕಿದರೆ ಸಿಗುವುದು ಒಂದೇ ಸುಣ್ಣ. ಇದನ್ನು ಚನ್ನಗಿರಿ ಮಾವನಿಗೆ ವಿವರಿಸಿದೆ. ಅವರು ಡಬ್ಬಿಯ ಸುಣ್ಣವನ್ನು ಎಲೆಯ ಬೆನ್ನಿಗೆ ಸವರುತ್ತಾ, “ಹಂಗಾರೆ ನಾನೂ ರಾಜನೇ” ಎಂದರು. ಒಳಗಿನಿಂದ ಅತ್ತೆಯ ದನಿ ಬಂತು: “ರಾಜರಿಗೆ ಪೀಕದಾನಿ ಹಿಡಿಯಾಕೆ ಆಳಿರ್ತಿದ್ರು. ಇಲ್ಲಿ ಗೋಡೆ ಒರೆಸೋಳು ನಾನು.”