ರಟ್ಟೆಯ ಗರ್ವಭಂಗ

ಒಳಾಂಗಣದ ಕೃತಕ ಗೋಡೆ ಹತ್ತಲು ರಟ್ಟೆಯಲ್ಲಿ ಕಸುವಿದ್ದರೆ ಸಾಕು ಎನ್ನುವುದು ಮುದ್ದೆ ಉಣ್ಣುವ ಸೀಮೆಯ ಸಹಜ ನಂಬಿಕೆ. ಗೋಡೆಗೆ ಮಾತ್ರ ಈ ನಂಬಿಕೆಯ ಮೇಲೆ ಗೌರವವಿಲ್ಲ. ರಟ್ಟೆ ನೆಚ್ಚಿದವನು ಪ್ಲಾಸ್ಟಿಕ್ ಹಿಡಿಕೆಗಳನ್ನು ಎಮ್ಮೆಯ ಹಗ್ಗದಂತೆ ಜಗ್ಗುತ್ತಾ ನಾಲ್ಕು ಹಿಡಿಕೆ ದಾಟುವಷ್ಟರಲ್ಲಿ ಮುಂಗೈ ಸೆಟೆದು ಉದುರುತ್ತಾನೆ. ಪಕ್ಕದಲ್ಲಿ ಸಣಕಲು ಹುಡುಗಿಯೊಬ್ಬಳು ನಿಂತು, ಯೋಚಿಸಿ, ಮತ್ತೆ ನಿಂತು ತುದಿ ಮುಟ್ಟುತ್ತಾಳೆ. ದಿನವಿಡೀ ಮೈ ಹೊರುವ ಅಭ್ಯಾಸ ಕಾಲಿಗಿದೆ, ಕೈಗಿಲ್ಲ. ಭಾರ ಪಾದಕ್ಕಿಳಿದರೆ ಕೈಗೆ ಉಳಿಯುವುದು ಮೈ ಹಿಂದಕ್ಕೆ ವಾಲದಂತೆ ತಡೆಯುವ ಚಿಲ್ಲರೆ ಕೆಲಸ. ಆದ್ದರಿಂದ ಹತ್ತುವುದಕ್ಕೂ ಮೊದಲು ನಿಲ್ಲುವುದನ್ನು ಕಲಿಯಬೇಕು.

ಅದನ್ನು ಕಲಿಸಲು ಮಂಡ್ಯ ಜಿಲ್ಲೆಯಲ್ಲಿ ಶತಮಾನಗಳಿಂದ ಸಂಬಳವಿಲ್ಲದ ಗುರುಗಳಿದ್ದಾರೆ. ನಾಗಮಂಗಲದ ಗುಡಿಯಲ್ಲಿ ಸೌಮ್ಯಕೇಶವ ಎರಡೂ ಪಾದಗಳ ಮೇಲೆ ಸಮನಾಗಿ ಭಾರವಿಟ್ಟು ನೆಟ್ಟಗೆ ನಿಂತಿದ್ದಾನೆ. ಅದು ಮೊದಲ ಪಾಠ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿನಲ್ಲಿ, 13ನೇ ಶತಮಾನದ ಹೊಯ್ಸಳ ಗುಡಿಯ ವೇಣುಗೋಪಾಲನದು ಮುಂದಿನ ತರಗತಿ: ಭಾರವೆಲ್ಲ ಒಂದು ಕಾಲಿನ ಮೇಲೆ, ಇನ್ನೊಂದು ಕಾಲು ಅಡ್ಡ ಹಾಯ್ದು ನಿಂತಿದೆ. ಗೋಡೆ ಹತ್ತುವವರ ಫ್ಲ್ಯಾಗಿಂಗ್ ಇದರ ತಮ್ಮ. ಆಸರೆ ಸಿಗದ ಕಾಲನ್ನು ಜೋತುಬಿಡದೆ ಅಡ್ಡಕ್ಕೆ ಚಾಚಿ, ಮೈ ಪಕ್ಕಕ್ಕೆ ಹೊರಳದಂತೆ ತೂಗಿಸುವ ಉಪಾಯ. ಎರಡು ಕೈಯನ್ನೂ ಕೊಳಲಿಗೆ ಕೊಟ್ಟವನೇ ಬೀಳದಿರುವಾಗ, ಎರಡು ಕೈಯಲ್ಲೂ ಗೋಡೆ ಹಿಡಿದವರಿಗೆ ಬೀಳಲು ನೆಪವೇನಿದೆ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬೆಟ್ಟದಲ್ಲಿ ಯೋಗನರಸಿಂಹ ಮಂಡಿ ಮಡಚಿ, ಯೋಗಪಟ್ಟ ಬಿಗಿದು ಕೂತಿದ್ದಾನೆ. ಹಾಗೇ ಮಂಡಿ ಮಡಚಿ ಇನ್ನಷ್ಟು ಹೊರಕ್ಕೆ ತೆರೆದರೆ ಸೊಂಟ ಗೋಡೆಗೆ ಹತ್ತಿರವಾಗುತ್ತದೆ, ಕಾಲಿಗೆ ಭಾರ ಸಿಗುತ್ತದೆ. ಪಟ್ಟವನ್ನು ಹಾರ್ನೆಸ್ ಎಂದುಕೊಂಡರೆ ಸುರಕ್ಷತೆಯ ಪಾಠವೂ ಆಯಿತು.

ದೇವರುಗಳು ಪೀಠಕ್ಕೆ ಅಂಟಿದ ಕಲ್ಲು, ಬೀಳುವುದೆಲ್ಲಿ ಬಂತು ಎಂದು ತಕರಾರು ಬರಬಹುದು. ಒಪ್ಪೋಣ, ಆದರೆ ಭಾರ ಎಲ್ಲಿ ಇಳಿಯಬೇಕೆಂದು ತಿಳಿಯದ ಶಿಲ್ಪಿಯ ಮೂರ್ತಿ ಪೀಠದ ಮೇಲಿದ್ದೂ ಬೀಳುವಂತೆಯೇ ಕಾಣುತ್ತದೆ. ಪಾಂಡವಪುರದ ಪಕ್ಕದಲ್ಲೇ ಬಂಡೆಗಳ ಕುಂತಿಬೆಟ್ಟವಿರುವಾಗ ಪ್ಲಾಸ್ಟಿಕ್ ಹಿಡಿಕೆ ಏಕೆ? ಬಂಡೆ ತನ್ನಿಷ್ಟದಂತೆ ಬೆಳೆದಿರುತ್ತದೆ. ಗೋಡೆಯಲ್ಲಾದರೆ ಹಿಡಿಕೆಯನ್ನು ಬೇಕಾದಲ್ಲಿಗೆ ತಿರುಗಿಸಿ ಕೂರಿಸಿ, ಒಂದೇ ಹೆಜ್ಜೆಯನ್ನು ಬೇಸರವಾಗುವ ತನಕ ತಿದ್ದಬಹುದು. ಗೋಡೆ ನಮ್ಮ ಕಡೆಗೇ ಬಾಗಿದರೆ ರಟ್ಟೆ ಬೇಡವೇ? ಬೇಕು, ಅಲ್ಲಿ ಪಾದ ಜಾರಿದರೆ ಇಡೀ ದೇಹ ಬೆರಳಿನ ಸಾಲವಾಗುವುದರಿಂದ ಪಾದ ಇನ್ನೂ ಹೆಚ್ಚು ಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವೇಗದ ಗೋಡೆ ಹತ್ತುವ ಸ್ಪರ್ಧೆಯ ಫೈನಲ್‌ನಲ್ಲಿ ಇಂಡೊನೇಷ್ಯಾದ ವೆಡ್ರಿಕ್ ಲಿಯೊನಾರ್ಡೊ 15 ಮೀಟರ್ ಗೋಡೆಯನ್ನು 4.75 ಸೆಕೆಂಡಿನಲ್ಲಿ ಮುಗಿಸಿದ, ಅವನೆಲ್ಲಿ ನಿಂತ ಎಂದು ಕೇಳಬಹುದು. ವೇಗದ ಸ್ಪರ್ಧೆಯ ಹಿಡಿಕೆಗಳ ಜೋಡಣೆ ಜಗತ್ತಿನೆಲ್ಲೆಡೆ ಒಂದೇ. ಹೆಜ್ಜೆ ಎಲ್ಲಿಡಬೇಕೆಂಬ ಯೋಚನೆಯನ್ನೆಲ್ಲ ಅವನು ಅಭ್ಯಾಸದಲ್ಲೇ ಮುಗಿಸಿ ಬಂದಿದ್ದ.

ಗುರುಗಳಲ್ಲಿ ಉಳಿದವನು ಶ್ರೀರಂಗಪಟ್ಟಣದಲ್ಲಿ ಮಲಗಿರುವ ರಂಗನಾಥ. ಆಸರೆ ವಿಶಾಲ, ಭಾರ ನೆಲದ ಸಮೀಪ. ಸ್ಥಿರತೆಯ ಲೆಕ್ಕದಲ್ಲಿ ಮಲಗಿದವನನ್ನು ಮೀರಿಸುವವರಿಲ್ಲ. ಗೋಡೆಯ ನಡುವೆ ಮಲಗಲಾಗದು, ಆದರೆ ತೋಳು ನೀಳವಾಗಿ ಬಿಟ್ಟು, ಕಾಲ ಮೇಲೆ ಭಾರ ಹಾಕಿ, ಒಂದೊಂದೇ ಕೈ ಕೊಡವಿ ದಣಿವಾರಿಸಿಕೊಳ್ಳಬಹುದು. ಇದು ಸೋಮಾರಿತನ ಎನ್ನುವವರು ರಟ್ಟೆಯನ್ನೇ ನೆಚ್ಚಿ ಹತ್ತಲಿ. ಕೆಳಗೆ ದಪ್ಪನೆಯ ಹಾಸಿಗೆ ಹಾಕಿಯೇ ಇರುತ್ತದೆ. ರಂಗನಾಥನ ಭಂಗಿ ಅಲ್ಲಿ ಮೊದಲ ಯತ್ನಕ್ಕೇ ಸಿದ್ಧಿಸುತ್ತದೆ.